ಕುತ್ತಿಗೆವರೆಗೆ ಬಿಸಿನೀರು

ಚನ್ನವ್ವನ ಮೊಣಕಾಲು ಮಡಿಸಿದರೆ ಬಿಚ್ಚುತ್ತಿರಲಿಲ್ಲ, ಬಿಚ್ಚಿದರೆ ಮಡಿಸಲಾಗುತ್ತಿರಲಿಲ್ಲ. ಸಂಧಿವಾತ ಅವಳ ಕೈಬೆರಳುಗಳನ್ನೂ ಸೊಟ್ಟ ಮಾಡಿತ್ತು. ಬೈಲಹೊಂಗಲದಿಂದ ತರಿಸಿದ ಎಣ್ಣೆ, ದಾದರದ ವೈದ್ಯರ ಲೇಪ ಎಲ್ಲ ಮುಗಿದ ಮೇಲೆ ಒಬ್ಬ ಡಾಕ್ಟರು, "ದಿನಾ ಕುತ್ತಿಗೆವರೆಗೆ ಬಿಸಿನೀರಿನಲ್ಲಿ ಕೂರಿಸಿ" ಎಂದರು. ಗಂಡ ಮುರಿಗೆಪ್ಪ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಕುರ್ಲಾದಲ್ಲಿ ಬೆಲ್ಲದ ವ್ಯಾಪಾರ ಅವನದು. ಮಕ್ಕಳಿರಲಿಲ್ಲ, ಚೆಂಬೂರಿನ ಮನೆಯಲ್ಲಿ ಇಬ್ಬರೇ.

ಗೌಂಡಿಯನ್ನು ಕರೆಸಿ ಬಚ್ಚಲಮನೆಯ ಹಳೆಯ ಕಟ್ಟೆ ಒಡೆಸಿದ, ಬಾಗಿಲು ಅಗಲ ಮಾಡಿಸಿದ. ಆಮೇಲೆ ಹೆಂಡತಿಯನ್ನು ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಗ್ರಾಂಟ್ ರೋಡಿಗೆ ಹೋದ. ಅಲ್ಲೊಂದು ಗಲ್ಲಿಯಲ್ಲಿ, ವಿಲಾಯತಿಗೆ ಮರಳಿದ ಸಾಹೇಬರ ಬಂಗಲೆಗಳ ಸಾಮಾನು ಮಾರುವ ಅಂಗಡಿಯಿತ್ತು.

ಅಂಗಡಿಯವನು ಹಾಕಿಕೊಟ್ಟ ಕುರ್ಚಿಯಲ್ಲಿ ಕುಳಿತ ಚನ್ನವ್ವ, ಪಕ್ಕದಲ್ಲಿದ್ದ ತಗ್ಗು ಟಬ್ಬಿನ ಅಂಚಿನ ಮೇಲೆ ಕೈಯಿಟ್ಟಳು.

"ಇದು ಚಲೋ ಐತ್ರೀ. ಕಾಲ ಎತ್ತಿ ಒಳಗ ಇಡಾಕ ಬರತೈತಿ."

"ಅದರಾಗ ನೀರು ಹೊಟ್ಟಿಮಟಾನೂ ಬರೂದಿಲ್ಲ. ಡಾಕ್ಟರ್ ಏನಂದಾರ? ಕುತಗಿಮಟ."

ಅಂಗಡಿಯವನು ಮೂಲೆಯಲ್ಲಿ ಗೋಣಿತಟ್ಟು ಸರಿಸಿ ಇನ್ನೊಂದು ತೋರಿಸಿದ. ಬೀಡುಕಬ್ಬಿಣದ ಟಬ್ಬು, ಒಳಗೆ ಬಿಳಿ ಲೇಪ, ಬಾವಿಯ ಹಾಗೆ ಆಳ. "ಬೈಠಕೇ ದೇಖೋ ಸೇಠ್" ಎಂದ. ಮುರಿಗೆಪ್ಪ ಚಪ್ಪಲಿ ಬಿಟ್ಟು, ಧೋತರ ಎತ್ತಿ ಕಟ್ಟಿ, ಟೋಪಿ ಸಮೇತ ಒಳಗಿಳಿದು ಕುಳಿತೇಬಿಟ್ಟ. ಹೊರಗೆ ಕಂಡದ್ದು ಅವನ ತಲೆ ಮಾತ್ರ. ಚನ್ನವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳು ನಕ್ಕದ್ದನ್ನು ನೋಡಿ ಎಷ್ಟೋ ಕಾಲವಾಗಿತ್ತು. ಆ ಖುಷಿಯಲ್ಲಿ, ಕಾಲೆತ್ತಿ ಇಡುವ ಬಗ್ಗೆ ಅವಳು ಆಗ ಹೇಳಿದ್ದು ಅವನಿಗೆ ಮರೆತೇ ಹೋಯಿತು. ಅದೇ ಟಬ್ಬನ್ನು ಕೊಂಡು ಮನೆಗೆ ಸಾಗಿಸಿದ.

ಭಾನುವಾರ ಮಧ್ಯಾಹ್ನ ತಾಮ್ರದ ಬಂಬದಲ್ಲಿ ನೀರು ಕಾಯಿಸಿ, ಬಕೀಟು ಬಕೀಟಾಗಿ ತುಂಬಿದ. ಹೆಂಡತಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಒಂದೊಂದೇ ಕಾಲು ಎತ್ತಿ ಅಂಚು ದಾಟಿಸಿ, ಹೇಗೋ ಒಳಗೆ ಜಾರಿಸಿದ. ನೀರು ಕುತ್ತಿಗೆವರೆಗೆ ಬಂತು. ಅವಳ ಮುಖದ ಗಂಟು ನಿಧಾನವಾಗಿ ಸಡಿಲಾಯಿತು.

"ಹೆಂಗೈತಿ?"

"ಸುಮ್ಮನಿರ್ರೀ" ಎಂದಳು ಕಣ್ಣು ಮುಚ್ಚಿಕೊಂಡೇ. ನೀರಿನೊಳಗೆ ಅವಳ ಬೆರಳುಗಳು ತಾವಾಗಿ ಬಿಚ್ಚಿಕೊಳ್ಳುತ್ತಿದ್ದವು. ಮುರಿಗೆಪ್ಪ ಅದನ್ನೇ ನೋಡುತ್ತ ಕುಳಿತ.

ನೀರು ಆರಿದಾಗ ಎಬ್ಬಿಸಲು ಹೋದ. ಕಂಕುಳಲ್ಲಿ ಕೈಹಾಕಿ ಎತ್ತಿದರೆ ಮೈ ಜಾರುತ್ತಿತ್ತು. ಅವಳಿಗೆ ಕಾಲೂರಲು ಬರದು. ತಾನೂ ಒಳಗಿಳಿದ, ಕಾಲಿಗೆ ಹಿಡಿತ ಸಿಗಲಿಲ್ಲ. ನೀರು ಹೋದರೆ ಸುಲಭವಾದೀತೆಂದು ಬಿರಡೆ ಕಿತ್ತ. ನೀರು ಇಳಿದಂತೆ ಅವಳ ಭಾರ ಇನ್ನೂ ಹೆಚ್ಚಿತು. ಬೆಲ್ಲದ ಪೆಂಟೆಗಳನ್ನು ಹೆಗಲ ಮೇಲೆ ಹೊತ್ತು ವ್ಯಾಪಾರ ಬೆಳೆಸಿದವನು ಅವನು. ಆದರೆ ಪೆಂಟೆ ನೋವಿಗೆ ಚೀರುವುದಿಲ್ಲ. ಚನ್ನವ್ವ ಚೀರಿದಳು. ಅವನು ಕೈಬಿಟ್ಟ.

"ಬಾಜೂಮನಿ ವಸಂತಿನ್ನ ಕರೀಲೇನು?"

"ಯಾರನೂ ಬ್ಯಾಡ್ರೀ. ನಿಮ್ಮ ಕಾಲ ಬೀಳತೀನಿ."

ಒದ್ದೆ ಸೀರೆಯಲ್ಲಿ ಅವಳು ನಡುಗುತ್ತಿದ್ದಳು. ಒಣ ಧೋತರ ಹೊದಿಸಿದ, ಬಾಗಿಲಿಗೆ ಹೋದ, ಮರಳಿ ಬಂದ. ಇನ್ನೊಮ್ಮೆ ಎತ್ತಲು ನೋಡಿದ. ಅವಳ ಹಲ್ಲು ಕಟಕಟ ಎನ್ನತೊಡಗಿದ ಮೇಲೆ, ಅವಳ ಮಾತು ಮೀರಿ ಪಕ್ಕದ ಮನೆಗೆ ಓಡಿದ.

ಉಡುಪಿಯ ಕಡೆಯ ವಸಂತಿ ಬಂದು ನೋಡಿ ಹಣೆ ಚಚ್ಚಿಕೊಂಡಳು. "ಎಂತ ಮಾರಾಯ್ರೆ, ಆಗಲೇ ಕರೆಯುದಲ್ವಾ? ನಮ್ಮಿಬ್ಬರಿಂದ ಆಗ್ಲಿಕ್ಕಿಲ್ಲ." ತನ್ನ ಗಂಡನ ಹೋಟೆಲಿನಿಂದ ಐತ, ಮೋನಪ್ಪ ಎಂಬ ಇಬ್ಬರನ್ನು ಕರೆಸಿದಳು. ಅವರು ಮುಖ ಬೇರೆ ಕಡೆ ತಿರುಗಿಸಿಕೊಂಡೇ ಅವಳ ಅಡಿಗೆ ಕಂಬಳಿ ತೂರಿಸಿ ಎತ್ತಿದರು. ಚನ್ನವ್ವ ಗಂಡನ ಕಡೆ ನೋಡಲಿಲ್ಲ.

ಅವಳಿಗೆ ಎರಡು ದಿನ ಜ್ವರ ಬಂತು. ಅದು ಇಳಿದ ಮೇಲೆ ಮುರಿಗೆಪ್ಪ ಗ್ರಾಂಟ್ ರೋಡಿಗೆ ಹೋದ. ತಗ್ಗು ಟಬ್ಬು ಮಾರಿಹೋಗಿತ್ತು.

"ಬ್ಯಾರೆ ಕಡೆ ಹುಡಕತೀನಿ, ಚನ್ನಿ."

"ಬ್ಯಾಡ. ಇನ್ನ ಯಾವುದರಾಗೂ ನಾ ಇಳಿಯೂದಿಲ್ಲ." ಆಮೇಲೆ ಅವಳೇ ಹೇಳಿದಳು, "ನೀರು ಮಾತ್ರ ಭಾಳ ಹಿತ ಇತ್ತು ನೋಡ್ರೀ."

ಮುರಿಗೆಪ್ಪ ಬಿಸಿನೀರಿನಲ್ಲಿ ಟವೆಲು ಅದ್ದಿ, ಹಿಂಡಿ, ಅವಳ ಮೊಣಕಾಲ ಮೇಲೆ ಹಾಸಿದ. ಫ್ಯಾನಿಲ್ಲದ ಕೋಣೆಯಲ್ಲೂ ಅದು ಬೇಗನೆ ತಣ್ಣಗಾಗುತ್ತಿತ್ತು.