ನಂಬರ್ ಅಕ್ಕನದು, ವಿಳಾಸ ತಂಗಿಯದು

ಹೊಲಿಗೆ ಯಂತ್ರ ಎರಡು, ಒಂದಕ್ಕೆ ಹದಿನಾಲ್ಕು ಸಾವಿರದಂತೆ ಇಪ್ಪತ್ತೆಂಟು. ಇಸ್ತ್ರಿ ಪೆಟ್ಟಿಗೆ, ಏಣಿ, ಕತ್ತರಿಗಳು ಸೇರಿ ಒಂಬತ್ತು. ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿಗೆ ಬೆಲೆಯನ್ನೇ ಕಟ್ಟಲಿಲ್ಲ. ಅದನ್ನು ಅಂಗಡಿಯ ಒಳಗೇ ಕೂಡಿಸಿದ್ದರು, ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ. ಮೇಜು ಯಾರಿಗೋ ಅಂಗಡಿಯೂ ಅವರಿಗೇ. ಕೊನೆಗೆ ಉಳಿದದ್ದು ಫೋನ್ ನಂಬರು. ಅದಕ್ಕೆ ಪಾಲು ಮಾಡಲು ಕೂತ ಸೋದರಮಾವ ಮೂವತ್ತು ಸಾವಿರ ಎಂದಾಗ ಅಕ್ಕತಂಗಿಯರಿಬ್ಬರೂ ಚಕಾರ ಎತ್ತಲಿಲ್ಲ. ಹನ್ನೊಂದು ವರ್ಷ ಪರದೆ ಹೊಲಿದುಕೊಟ್ಟ ಮನೆಗಳಿಗೆಲ್ಲ ಗೊತ್ತಿದ್ದದ್ದು ಆ ನಂಬರೇ.

ಅಕ್ಕ ನಂಬರು ತೆಗೆದುಕೊಂಡಳು. ತಂಗಿ ಅಂಗಡಿ ಇಟ್ಟುಕೊಂಡಳು.

ಜಗಳ ಶುರುವಾದದ್ದು ಒಂದು ಹೋಟೆಲಿನ ಪರದೆಗಳು ನಾಲ್ಕು ಬೆರಳು ಗಿಡ್ಡವಾದದ್ದರಿಂದ. ಅಳತೆ ತಪ್ಪಿದ್ದು ಯಾರಿಂದ ಎಂಬುದು ಪಾಲಾದ ಮೇಲೂ ತೀರ್ಮಾನವಾಗಲಿಲ್ಲ.

ನಂಬರು ಒಯ್ಯುವುದೇನೂ ಕಷ್ಟವಿರಲಿಲ್ಲ. ಇಂಟರ್ನೆಟ್ ಮೇಲೆ ನಡೆಯುವ ಫೋನು ಅದು; ಅಂಗೈಯಗಲದ ಬಿಳಿ ಡಬ್ಬಿ, ಅದಕ್ಕೊಂದು ವೈರು. ‘ಎಲ್ಲಿಗೆ ಒಯ್ದು ಸಿಕ್ಕಿಸಿದರೂ ನಂಬರು ನಿಮ್ಮ ಹಿಂದೆಯೇ ಬರುತ್ತೆ’ ಎಂದು ಮಾರಿದವನು ಹೇಳಿದ್ದ. ನಿಜವನ್ನೇ ಹೇಳಿದ್ದ. ವಿಳಾಸ ಹಿಂದೆ ಬರುವುದಿಲ್ಲ ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಅದನ್ನು ಹೇಳಿದ್ದು ಒಂದು ಕಾಗದ. ಪಾಲಾಗಿ ಒಂದೂವರೆ ವರ್ಷದ ಮೇಲೆ ಫೋನ್ ಕಂಪನಿಯಿಂದ ಅಕ್ಕನ ಹೆಸರಿಗೆ ಬಂತು. ಬಂದದ್ದು ಹಳೆಯ ಅಂಗಡಿಗೆ. ತಂಗಿ ಒಡೆದು ಓದಿದಳು. ನೀವು ಜಾಗ ಬದಲಿಸಿದ್ದರೆ ತಿಳಿಸಿ, ತುರ್ತು ಕರೆ ಮಾಡಿದರೆ ಸಹಾಯ ಬರುವುದು ನಮ್ಮ ಪುಸ್ತಕದಲ್ಲಿರುವ ಈ ವಿಳಾಸಕ್ಕೆ, ಎಂದು ಬರೆದಿತ್ತು. ‘ನಂಬರು ತಗೊಂಡೋಳು ಕಾಗದಾನೂ ತರಿಸ್ಕೊಳ್ಳಲಿ’ ಎಂದುಕೊಂಡಳು. ಮೇಜಿನ ಒಂದು ಕಾಲು ಗಿಡ್ಡವಿತ್ತು. ಕಾಗದವನ್ನು ಎಂಟು ಮಡಿಕೆ ಮಾಡಿ ಅದರ ಕೆಳಗೆ ತುರುಕಿದಳು. ಮೇಜು ಗಟ್ಟಿಯಾಗಿ ನಿಂತಿತು. ಅವಳಿಗೊಂದಿಷ್ಟು ಖುಷಿಯೂ ಆಯಿತು.

ಅದಾಗಿ ಆರು ತಿಂಗಳು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಆಂಬ್ಯುಲೆನ್ಸ್ ಒಂದು ಅಂಗಡಿಯ ಮುಂದೆ ಬಂದು ನಿಂತಿತು. ಚೀಲ ಹಿಡಿದವನೊಬ್ಬ ಇಳಿದು ಒಳಗೆ ಬಂದ.

“ಯಾರಿಗಮ್ಮ ಹುಷಾರಿಲ್ಲದ್ದು?”

“ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಎಲ್ಲರೂ ಅಂದ್ರೆ ನಾನೊಬ್ಬಳೇ.”

“ಇದೇ ವಿಳಾಸ ಬಂದಿದೆ ನೋಡಿ. ಮಾತಿಲ್ಲ, ಬರೀ ಏದುಸಿರು. ಆಮೇಲೆ ಅದೂ ನಿಂತೋಯ್ತು. ತಿರುಗಿ ಮಾಡಿದರೆ ಎತ್ತುತ್ತಿಲ್ಲ.”

“ನಂಬರು ಓದಿ.”

ಅವನು ಓದಿದ. ಮೊದಲ ಮೂರು ಅಂಕಿಗಳಿಗೇ ತಂಗಿಯ ಕೈಯಲ್ಲಿದ್ದ ಕತ್ತರಿ ಕೆಳಗಿಳಿಯಿತು. ಮೇಜಿನ ಕಾಲಿನತ್ತ ಕಣ್ಣು ಹೋಯಿತು. ಅಲ್ಲೇ ನಿಲ್ಲಲಿಲ್ಲ. ಅಂಗಡಿಗೆ ಬೀಗವನ್ನೂ ಹಾಕದೆ ಗಾಡಿ ಹತ್ತಿದಳು.

“ಅಮ್ಮಾ, ಮುಂದೆ ಕೂರೋ ಹಾಗಿಲ್ಲ,” ಎಂದ ಡ್ರೈವರ್.

“ನೀವು ಓಡಿಸೋ ಹಾಗಿದೆಯಲ್ಲ, ಓಡಿಸಿ. ಎಡಕ್ಕೆ. ದೊಡ್ಡ ರಸ್ತೆ ಬೇಡ, ಬ್ಯಾಂಕ್ ಮುಂದೆ ಅಗೆದು ಹಾಕಿದ್ದಾರೆ. ಶಾಲೆ ಹಿಂಭಾಗದಿಂದ ಹೋಗಿ.”

ಅಕ್ಕನ ಹೊಸ ಅಂಗಡಿ ಎಲ್ಲಿದೆಯೋ ಗೊತ್ತೂ ಇಲ್ಲ, ಗೊತ್ತಾಗುವುದು ಬೇಕೂ ಇಲ್ಲ ಎಂದು ಎರಡು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದವಳು ಅವಳು. ಆದರೆ ವಾರಕ್ಕೊಮ್ಮೆ ಸುತ್ತು ಹಾಕಿಕೊಂಡಾದರೂ ಆ ಬೀದಿಯಲ್ಲೇ ಹೋಗುತ್ತಿದ್ದಳು. ಕಿಟಕಿಗೆ ಯಾವ ಬಣ್ಣದ ಪರದೆ ತೂಗುಹಾಕಿದ್ದಾಳೆ, ಗಿರಾಕಿ ಎಷ್ಟಿದ್ದಾರೆ, ಎಲ್ಲ ಲೆಕ್ಕ ಅವಳ ಬಳಿ ಇತ್ತು.

“ಅವಳಿಗೆ ಚಿಕ್ಕಂದಿನಿಂದ ಆಸ್ತಮಾ,” ಎಂದು ಹಿಂದಕ್ಕೆ ತಿರುಗಿ ಹೇಳಿದಳು. “ಹೊಸ ಬಟ್ಟೆ ಥಾನು ಬಿಚ್ಚಿದ ದಿನ ಧೂಳಿಗೆ ಜಾಸ್ತಿಯಾಗುತ್ತೆ. ಆಕ್ಸಿಜನ್ ರೆಡಿ ಇಟ್ಕೊಳ್ಳಿ.”

“ಅವರು ನಿಮಗೇನಾಗಬೇಕು?”

“ಅಕ್ಕ.”

“ಅಕ್ಕನ ಫೋನಿಗೆ ನಿಮ್ಮ ವಿಳಾಸ ಯಾಕೆ?”

“ಅದಕ್ಕೆ ಆಮೇಲೆ ಬೈಸ್ಕೊತೀನಿ. ಈಗ ಬಲಕ್ಕೆ.”

ಅಕ್ಕನ ಅಂಗಡಿಯ ಶಟರ್ ಪೂರ್ತಿ ಇಳಿದಿತ್ತು. ಚೀಲದವನು ಬಡಿದ. ಸದ್ದಿಲ್ಲ. “ಮುಚ್ಕೊಂಡು ಹೋಗಿದ್ದಾರೆ ಅನ್ಸುತ್ತೆ,” ಎಂದ.

“ಬೀಗ ಎಲ್ಲಿದೆ, ತೋರಿಸಿ. ಊಟದ ಹೊತ್ತಿಗೆ ಶಟರ್ ಎಳ್ಕೊಂಡು ಒಳಗೇ ಅಡ್ಡಾಗೋದು ಅವಳ ಅಭ್ಯಾಸ. ಗಿರಾಕಿ ಬಂದ್ರೆ ನನ್ನ ಕಳಿಸೋಳು. ಎತ್ತಿ.”

ಎತ್ತಿದರು. ಬಿಚ್ಚಿದ ನೀಲಿ ಬಟ್ಟೆಯ ರಾಶಿಗೆ ಒರಗಿಕೊಂಡು ಅಕ್ಕ ಕುಳಿತಿದ್ದಳು. ತುಟಿ ಆ ಬಟ್ಟೆಯ ಬಣ್ಣಕ್ಕೇ ತಿರುಗಿತ್ತು. ಫೋನು ಮಡಿಲಲ್ಲಿತ್ತು, ಖಾಲಿ ಇನ್‌ಹೇಲರ್ ಕಾಲ ಬಳಿ. ಮುಖಕ್ಕೆ ಆಕ್ಸಿಜನ್ ಇಟ್ಟಾಗ ಕಣ್ಣು ತೆರೆದು ಮೊದಲು ಚೀಲದವನನ್ನು ನೋಡಿದಳು, ಆಮೇಲೆ ತಂಗಿಯನ್ನು. ತಂಗಿಯ ಮೇಲಿಂದ ಕಣ್ಣು ತೆಗೆಯಲಿಲ್ಲ.

ಸಂಜೆ ಹೊತ್ತಿಗೆ ಆಸ್ಪತ್ರೆಯ ಹಾಸಿಗೆಯ ಮೇಲೆ ಒರಗಿ ಕೂತಳು. ಧ್ವನಿ ಇನ್ನೂ ಹರಿದ ಬಟ್ಟೆಯಂತಿತ್ತು.

“ಮೊಬೈಲು ಒಳಗಿನ ಕೋಣೇಲಿ ಚಾರ್ಜಿಗಿತ್ತು. ಅಲ್ಲಿವರೆಗೆ ಹೋಗಕ್ಕಾಗಲಿಲ್ಲ. ಅಂಗಡಿ ಫೋನು ಕೈಗೆ ಸಿಕ್ತು. ಮಾತೇ ಬರಲಿಲ್ಲ ಕಣೇ. ಅವರಿಗೆ ಹೇಗೆ ಗೊತ್ತಾಯ್ತು?”

“ಗೊತ್ತಾಗಲಿಲ್ಲ. ನನ್ನ ಅಂಗಡಿಗೆ ಬಂದ್ರು.”

ತಂಗಿ ಸುತ್ತಿ ಬಳಸಿ ಹೇಳುವವಳಲ್ಲ. ಕಾಗದ ಬಂದದ್ದು, ಓದಿದ್ದು, ಮೇಜಿನ ಕೆಳಗೆ ತುರುಕಿದ್ದು, ಮೂರನ್ನೂ ಹೇಳಿದಳು. ಅಕ್ಕ ಗೋಡೆಯ ಕಡೆ ಮುಖ ಮಾಡಿದಳು. ನರ್ಸ್ ಬಂದು ನಾಡಿ ನೋಡಿ ಹೋದರೂ ಈ ಕಡೆ ತಿರುಗಲಿಲ್ಲ. ತಂಗಿ ಎದ್ದು ಹೋಗಲೂ ಇಲ್ಲ, ಕ್ಷಮಿಸು ಎಂದು ಅಳಲೂ ಇಲ್ಲ. ಸ್ಟೂಲಿನ ಮೇಲೆ ಕೂತೇ ಇದ್ದಳು.

“ಓದಿಯೂ ಇಟ್ಟೆಯಾ?” ಎಂದಳು ಅಕ್ಕ ಕೊನೆಗೆ.

“ಓದಿಯೇ ಇಟ್ಟೆ.”

“ಸತ್ತಿದ್ರೆ?”

“ಆ ಮೇಜಿನ ಮೇಲೆ ಮತ್ತೆ ಬಟ್ಟೆ ಕತ್ತರಿಸ್ತಿರಲಿಲ್ಲ.”

ಅಕ್ಕ ಈ ಕಡೆ ತಿರುಗಿದಳು. “ಎರಡು ವರ್ಷ ಮುಖ ತೋರಿಸದೋಳನ್ನ ಕರ್ಕೊಂಡು ಬರೋಕೆ ಆಂಬ್ಯುಲೆನ್ಸೇ ಬೇಕಾಯ್ತು. ಕೇಳು, ಮಾವನ ಕಿವಿಗೆ ಇದು ಬೀಳೋದು ಬೇಡ. ಮತ್ತೆ ಪಾಲು ಮಾಡಕ್ಕೆ ಕೂರ್ತಾನೆ. ಇನ್ನೊಂದು, ಆ ಹೋಟೆಲಿನ ಅಳತೆ ತಪ್ಪಿದ್ದು ನಿನ್ನಿಂದಲೇ.”

“ಇವತ್ತೊಂದು ದಿನ ಹೌದು ಅಂತೀನಿ.”

ಅಲ್ಲೇ ಕೂತು ತಂಗಿ ಫೋನ್ ಕಂಪನಿಗೆ ಕರೆ ಮಾಡಿದಳು. ಇಪ್ಪತ್ತೈದು ನಿಮಿಷ ಸಂಗೀತ ಕೇಳಿಸಿದರು, ಬಿಡದೆ ಕೇಳಿದಳು. ಅಕ್ಕ ಹೇಳಿದ ಹೊಸ ವಿಳಾಸವನ್ನು ಕಟ್ಟಡದ ಸಂಖ್ಯೆ, ಮಹಡಿ, ಶಟರಿನ ಬಣ್ಣದ ಸಮೇತ ಬರೆಸಿ, ಬರೆದುಕೊಂಡವನಿಂದ ಎರಡು ಸಲ ತಿರುಗಿ ಓದಿಸಿದಳು. “ಶಟರ್ ಬಣ್ಣ ಬರೆಯೋಕೆ ಜಾಗ ಇಲ್ಲ ಮೇಡಂ,” ಎಂದ ಅವನು. “ಜಾಗ ಮಾಡಿ,” ಎಂದಳು.

ಅಂಗಡಿಗಳು ಈಗಲೂ ಎರಡೇ. ನಂಬರು ಅಕ್ಕನ ಬಳಿಯೇ ಇದೆ, ವಿಳಾಸವೂ ಅವಳದೇ. ತಂಗಿಯ ಮೇಜು ಮತ್ತೆ ಅಲುಗಾಡುತ್ತದೆ; ಕಾಲಿನ ಕೆಳಗೆ ಅವಳು ಏನನ್ನೂ ಇಟ್ಟಿಲ್ಲ. ಆ ಮಧ್ಯಾಹ್ನ ಆಂಬ್ಯುಲೆನ್ಸ್ ತಪ್ಪು ಬಾಗಿಲಿಗೆ ಬಂದು ಕಳೆದದ್ದು ಒಂಬತ್ತು ನಿಮಿಷ. ಅಕ್ಕ ಉಳಿದಳು.