ಚಿತ್ರದ ಕೆಳಗಿನ ಹೆಸರು

ನಿಶಾತ್ ಮಾಡಿದ ಹಾವುಗಳ ವೆಬ್ ಪುಟ ಕೋಲಾರದ ಕಾಲೇಜು ಲ್ಯಾಬಿನಲ್ಲಿ ಬಲು ಚೆನ್ನಾಗಿ ಕಂಡಿತ್ತು. ಮೇಲಿನ ಸಾಲಿನಲ್ಲಿ ನಾಲ್ಕು ಫೋಟೋ ಅಕ್ಕಪಕ್ಕ: ತೋಳದ ಹಾವು, ನಾಗರಹಾವು, ಕಟ್ಟುಹಾವು, ಕೇರೆ. ಕೆಳಗಿನ ಸಾಲಿನಲ್ಲಿ ಅದೇ ಕ್ರಮದಲ್ಲಿ ಹೆಸರು, ಜೊತೆಗೆ ವಿಷ ಇದೆಯೋ ಇಲ್ಲವೋ ಎಂಬ ಮಾತು. ಪುಟದ ಅಂದ ಹೊಂದಿಸುವ ಸಿಎಸ್ಎಸ್‌ನಲ್ಲಿ ಫ್ಲೆಕ್ಸ್ ಅಂತ ಬರೆದರೆ ಫೋಟೋ, ಹೆಸರು ಇಟ್ಟ ಡಬ್ಬಿಗಳೆಲ್ಲ ಹೇಳಿದ ಮಾತು ಕೇಳಿ ಸಾಲಾಗಿ ನಿಲ್ಲುತ್ತವೆ. ಜಾಗ ಸಾಲದಿದ್ದರೆ ಮಿಕ್ಕವು ಕೆಳಕ್ಕಿಳಿಯಲಿ ಅಂತಲೂ ಬರೆದಿದ್ದಳು. ಅಷ್ಟಗಲದ ಪರದೆ ಮುಂದೆ ಕೂತರೆ ಯಾರು ಬೇಕಾದರೂ ಜಾಣರೇ. ಮೇಡಂ ಹೊಗಳಿದ್ದೇ ತಡ, ಇವಳು ಉಬ್ಬಿಹೋಗಿ ಲಿಂಕನ್ನು ಮನೆಯವರಿಗೆಲ್ಲ ಕಳಿಸಿಬಿಟ್ಟಳು.

ಅವಳ ಅಬ್ಬಾ ಸುಭಾನ್ ಮಾವಿನ ತೋಟ ಗುತ್ತಿಗೆ ಹಿಡಿಯುವವರು. ಕಾಯಿ ಇಳಿಸುವವರೆಗೂ ಅವರೂ ಅಮ್ಮಿ ಹಜೀರಾನೂ ರಾಯಲ್ಪಾಡಿನ ತೋಟದ ಗುಡಿಸಲಲ್ಲೇ ಇರುತ್ತಾರೆ. ಕಾಯಿಯ ಕೆಳಗೆ ಹಾಸುವ ಹುಲ್ಲಿನಲ್ಲಿ ಹಾವು ಸೇರಿಕೊಳ್ಳುವುದು ಅಲ್ಲಿ ಹೊಸದೇನಲ್ಲ. ಪುಟ ಮಾಡಿದ್ದೇ ಅವರನ್ನು ನೆನೆದು.

ಆ ಬೆಳಿಗ್ಗೆ ಲ್ಯಾಬಿನ ಮೆಟ್ಟಿಲು ಹತ್ತುತ್ತಿದ್ದಾಗ ಅಮ್ಮಿಯ ಫೋನು ಬಂತು.

“ಹುಲ್ಲು ಎತ್ತೋವಾಗ ಅಬ್ಬಾಗೆ ಹಾವು ಕಚ್ಬಿಡ್ತು ಬೇಟಾ. ಕಪ್ಪಗಿತ್ತು, ಮೈಮೇಲೆ ಬಿಳಿ ಪಟ್ಟಿ. ಹೆದರ್ಕೋಬೇಡ, ನಿನ್ ಪುಟ ನೋಡ್ದೆ. ಅದ್ರ ಕೆಳಗೆ ವಿಷ ಇಲ್ಲ ಅಂತೈತೆ. ನೋವೂ ಇಲ್ವಂತೆ. ನಿದ್ದೆ ಬರ್ತೈತೆ ಅಂತ ಮಲ್ಗವ್ರೆ.”

ಅಷ್ಟರಲ್ಲಿ ಲೈನು ಕಟ್ಟಾಯಿತು.

ನಿಶಾತ್ ಜೀವನದಲ್ಲಿ ಮೊದಲ ಸಲ ತನ್ನ ಪುಟವನ್ನು ಫೋನಿನಲ್ಲಿ ತೆರೆದಳು. ಪರದೆ ಕಿರಿದು, ನಾಲ್ಕು ಫೋಟೋ ಹಿಡಿದಿರಲಿಲ್ಲ. ಎರಡು ಮೇಲೆ ನಿಂತು, ಎರಡು ಕೆಳಕ್ಕೆ ಇಳಿದಿದ್ದವು. ಹೆಸರುಗಳೆಲ್ಲ ಹಾಗೇ ಎರಡೆರಡಾಗಿ ಅದಕ್ಕೂ ಕೆಳಗೆ. ಹಾಗಾಗಿ ಕಟ್ಟುಹಾವಿನ ಫೋಟೋದ ಅಡಿಯಲ್ಲಿ ಬಂದು ಕೂತಿದ್ದ ಸಾಲು: ತೋಳದ ಹಾವು, ವಿಷವಿಲ್ಲ.

ಕಟ್ಟುಹಾವು ಕಚ್ಚಿದರೆ ನೋವಿರುವುದಿಲ್ಲ, ರೆಪ್ಪೆ ಜೋತುಬೀಳುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ. ಇದನ್ನೆಲ್ಲ ಓದಿಯೇ ಪುಟ ಮಾಡಿದವಳು ಅವಳು. ಅಬ್ಬಾಗೆ ಬಂದದ್ದು ನಿದ್ದೆಯಲ್ಲ.

ಅಮ್ಮಿಯ ಫೋನು ಮತ್ತೆ ಸಿಗಲೇ ಇಲ್ಲ. ಪಕ್ಕದ ತೋಟದ ಕೋದಂಡರಾಮಪ್ಪನ ಬಳಿ ಟೆಂಪೋ ಇರುವುದು ನೆನಪಾಗಿ ಅವನಿಗೆ ಮಾಡಿದಳು. ಅಳುತ್ತಾ ಹೇಳಿದ್ದು ಅವನಿಗೆ ಎಷ್ಟು ತಿಳಿಯಿತೋ, ಗುಡಿಸಲಿಗೆ ಓಡಿದ. ಫೋನು ಕಿವಿಯಲ್ಲೇ ಇತ್ತು, ಅವನ ಏದುಸಿರೆಲ್ಲ ಇವಳಿಗೆ ಕೇಳುತ್ತಿತ್ತು.

“ಸಾಬ್ರೇ, ಏಳ್ರೀ! ಆಸ್ಪತ್ರೆಗೆ ಹೋಗಾನ. ಅಯ್ಯೋ ದೇವುಡಾ, ಕಣ್ಣೇ ಬಿಡ್ತಿಲ್ವಲ್ಲ!”

ಅಬ್ಬಾನ ಧ್ವನಿ ನಾಲಿಗೆ ದಪ್ಪಗಾದಂತೆ ಕೇಳಿಸಿತು. “ಬಿಡಪ್ಪ ಕೋದಂಡ, ಮಲಗ್ತೀನಿ. ವಿಷ ಇಲ್ಲ. ನನ್ ಮಗ್ಳೇ ಬರ್ದವ್ಳೆ.”

“ಅವ್ರ ಕಿವಿಗಿಡಿ ಕೋದಂಡಣ್ಣ!” ನಿಶಾತ್ ಕೂಗಿದಳು. ಮೆಟ್ಟಿಲ ಮೇಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ. “ಅಬ್ಬಾ, ನಾನ್ ಮಾಡಿದ್ದು ತಪ್ಪು. ಆ ಪುಟ ಸುಳ್ಳು ಹೇಳ್ತಿದೆ.”

“ನೀನು ತಪ್ ಮಾಡ್ತೀಯಾ?” ಅವರು ನಕ್ಕಂತಾಯಿತು.

“ಮಾಡ್ದೆ ಅಬ್ಬಾ, ಮಾಡ್ಬಿಟ್ಟೆ. ನನ್ ಕಸಂ, ಏಳಿ!”

ಅವರಿಗೆ ಏಳಲಾಗಲಿಲ್ಲ. ಕೋದಂಡರಾಮಪ್ಪನೂ ಅಮ್ಮಿಯೂ ಎತ್ತಿ ಟೆಂಪೋಗೆ ಹಾಕಿದರು. ನಿಶಾತ್ ಬಸ್ಸು ಹಿಡಿದು ಶ್ರೀನಿವಾಸಪುರದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವರ ಬಾಯಿಗೆ ಉಸಿರಿನ ನಳಿಗೆ ಹಾಕಿದ್ದರು. ಇನ್ನು ಸ್ವಲ್ಪ ತಡವಾಗಿದ್ದರೆ ನಮ್ಮ ಕೈಯಲ್ಲೂ ಇರುತ್ತಿರಲಿಲ್ಲ ಎಂದರು ಡಾಕ್ಟರು. ಸಂಜೆಗೆ, ಜೀವಕ್ಕೆ ಭಯವಿಲ್ಲ ಎಂದರು. ಅಬ್ಬಾ ರೆಪ್ಪೆ ತೆರೆಯಲಾರದೆ, ಮಗಳ ಕೈಯನ್ನು ಮೆಲ್ಲಗೆ ಅದುಮಿದರು. ಅವಳಿಗೆ ಬಿಕ್ಕಿ ಬಿಕ್ಕಿ ಅಳು ಬಂತು.

ಆಮೇಲೆ ವಾರ್ಡಿನ ಹೊರಗೆ ಕೂತು ಫೋನಿನಲ್ಲೇ ಪುಟ ತಿದ್ದಿದಳು. ಒಂದೊಂದು ಫೋಟೋವನ್ನೂ ಅದರ ಹೆಸರನ್ನೂ ಮೊದಲು ಒಂದೇ ಡಬ್ಬಿಗೆ ಹಾಕಿ, ಆಮೇಲೆ ಡಬ್ಬಿಗಳನ್ನು ಅಕ್ಕಪಕ್ಕ ನಿಲ್ಲಿಸಿದಳು. ಇನ್ನು ಯಾವುದು ಕೆಳಕ್ಕಿಳಿದರೂ ಹೆಸರು ಜೊತೆಯಲ್ಲೇ ಇಳಿಯುತ್ತದೆ. ಇಷ್ಟೇ ಕೆಲಸ. ಇದನ್ನು ಮೊದಲೇ ಮಾಡುವುದಕ್ಕೆ ಏನು ದಾಡಿಯಾಗಿತ್ತು ಅವಳಿಗೆ!

“ನೋಡಮ್ಮಿ, ಈಗ ಸರಿಯಾಯ್ತು.”

ಹಜೀರಾ ನೋಡಿದರು. “ಸರಿಯಾಯ್ತು. ಆದ್ರೆ ನಾನ್ ನೋಡಿದ್ದು ಇದಲ್ವಲ್ಲ ಬೇಟಾ. ತೋಟದಾಗೆ ನೆಟ್ ಎಲ್ಲಿ ಬರ್ತದೆ? ಮನೇಲಿದ್ದಾಗ್ಲೇ ಸ್ಕ್ರೀನ್‌ಶಾಟ್ ತೆಗ್ದಿಟ್ಟಿದ್ದೆ.”

“ಅದನ್ನ ಅಳಿಸಿಬಿಡಿ.”

“ನಂದು ಅಳಿಸ್ತೀನಿ.” ಅಮ್ಮಿಯ ಮುಖ ಬಿಳುಚಿಕೊಂಡಿತು. “ತೋಟದೋರ ಗ್ರೂಪಿಗೂ ಹಾಕಿದ್ನಲ್ಲ. ನಮ್ ನಿಶಾತ್ ಮಾಡಿದ್ದು, ಎಲ್ರೂ ಇಟ್ಕೊಳ್ಳಿ ಅಂತ. ಗ್ರೂಪಲ್ಲಿರೋ ಮುನಿಯಲ್ಲಮ್ಮ ಅವ್ರ ಕಡೆಯೋರ್ಗೆಲ್ಲ ಕಳಿಸ್ತೀನಿ ಅಂದ್ಲು.”

ಹೊರಗೆ ಕತ್ತಲಾಗುತ್ತಿತ್ತು. ಈ ಹೊತ್ತಿಗೆ ತೋಟ ತೋಟಗಳಲ್ಲೂ ಜನ ಹುಲ್ಲು ಸರಿಸಿ ಚಾಪೆ ಹಾಸುತ್ತಿರುತ್ತಾರೆ. ನಿಶಾತ್ ಮುನಿಯಲ್ಲಮ್ಮನ ನಂಬರು ಒತ್ತಿದಳು. ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಅಮ್ಮಿಯನ್ನು ಕೇಳಿ ಗ್ರೂಪಿನ ಇನ್ನೊಬ್ಬರ ನಂಬರು ಒತ್ತಿದಳು.