ಎತ್ತಿದ ಎಲೆ

ನಮ್ಮಪ್ಪನಿಗೆ ಸಿಟ್ಟು ಬರುವುದಿಲ್ಲ. ಅವನ ಪಾಲಿನದೂ ನನಗೇ ಬಂದಿದೆ. ಸೋದರಮಾವನ ಮಗ ಮರುಳಸಿದ್ದಯ್ಯನಿಗೆ ನನ್ನನ್ನು ಕೊಡುವುದು ಅಂತ ಮಾತಾದಾಗಿನಿಂದ ಒಂದೇ ರಾಗ ಹಾಡುತ್ತಿದ್ದೆ: ಅವನು ಕುಡುಕ, ನನಗೆ ಬೇಡ. ಕೇಳುವವರು ಯಾರು? ತಿಪಟೂರಿಗೆ ಕೊಬ್ಬರಿ ಹಾಕಲು ಹೋದಾಗ, ಸಾರಾಯಿ ಅಂಗಡಿ ಪಕ್ಕದ ಚರಂಡಿಗೆ ಕಾಲು ಬಿಟ್ಟುಕೊಂಡು ಬಿದ್ದಿದ್ದ ಅವನನ್ನು ಕಣ್ಣಾರೆ ಕಂಡಿದ್ದೆ. ಅಪ್ಪನೂ ಕಂಡಿದ್ದ. ಓದಿ ಓದಿ ತಲೆಸುತ್ತು ಬಂದಿರಬೇಕು ಅಂದ. ಅಲ್ಲೇ ಹಾಸ್ಟೆಲ್ಲಿನಲ್ಲಿದ್ದುಕೊಂಡು ಬಿ.ಕಾಂ.ನಲ್ಲಿ ಡುಮ್ಕಿ ಹೊಡೆದು ಅದೇ ಕ್ಲಾಸಿನಲ್ಲಿ ಕೂತವನು ಏನು ಓದಿದನೋ, ಆ ಶಿವನಿಗೇ ಗೊತ್ತು.

ಶಾಸ್ತ್ರದ ದಿನ ಹೊನ್ನವಳ್ಳಿಯ ನಮ್ಮ ಮನೆಗೆ ಮಾವ, ಅತ್ತೆ, ಅವನು ಬಂದರು. ಬೆಲ್‌ಬಾಟಮ್ ಪ್ಯಾಂಟು, ಬಾಯಿತುಂಬ ಏಲಕ್ಕಿ. ಕಾಲಿಗೆ ಕೊಟ್ಟ ನೀರಿನ ಚೊಂಬು ಅವನ ಕೈಯಲ್ಲಿ ಗಡಗಡ ನಡುಗಿತು. ನಿದ್ದೆಗೆಟ್ಟು ಓದುತ್ತಾನೆ ಅಂತ ಅತ್ತೆ ಹೇಳಿದಳು. ಊಟ ಮುಗಿದ ಮೇಲೆ ವೀಳ್ಯ ಬದಲಾಯಿಸುವುದು ಅಂತಿತ್ತು. ವೀಳ್ಯ ಬದಲಾದರೆ ನನ್ನ ಕಥೆ ಮುಗಿದ ಹಾಗೆ, ನಮ್ಮ ಕಡೆ ಆಮೇಲೆ ಮುರಿಯುವುದಿಲ್ಲ.

ಎಲೆ ಹಾಕಿ ಪಾಯಸ ಬಡಿಸುವಾಗ ತಡೆಯಲಾಗಲಿಲ್ಲ. ಚರಂಡಿಯ ಸಂಗತಿಯನ್ನು ಎಲ್ಲರೆದುರೇ ಅಂದುಬಿಟ್ಟೆ. ಮಾವ ತಲೆ ತಗ್ಗಿಸಿದ. ಮರುಳಸಿದ್ದಯ್ಯ ಮಾತ್ರ ಅಪ್ಪನ ಕಡೆ ತಿರುಗಿ ಕೈಮುಗಿದ.

"ಕುಡಿದಿದ್ದೀನಿ ಮಾವ, ಸುಳ್ಳು ಹೇಳಲ್ಲ. ಆದ್ರೆ ಕರಡಿಗೆ ಮೈಮೇಲಿದ್ದಾಗ ಒಂದು ತೊಟ್ಟೂ ಮುಟ್ಟಿಲ್ಲ, ಆಣೆ. ಹಾಸ್ಟೆಲ್ ರೂಮಲ್ಲಿ ಗೂಟಕ್ಕೆ ಹಾಕೇ ಹೋಗ್ತೀನಿ."

ಕರಡಿಗೆಯೆಂದರೆ ಕೊರಳಲ್ಲಿ ಕಟ್ಟಿಕೊಳ್ಳುವ ಇಷ್ಟಲಿಂಗದ ಬೆಳ್ಳಿ ಭರಣಿ. ಅಪ್ಪ ಕರಗಿಹೋದ.

"ನೋಡಿದ್ಯೇನವ್ವ, ಹುಡುಗಂಗೆ ಭಯಭಕ್ತಿ ಐತೆ. ಮದ್ವೆಯಾದ್ರೆ ಸರಿಹೋಯ್ತಾನೆ, ಬುಡು."

ಅವ್ವನೂ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಎಲ್ಲರೂ ಊಟಕ್ಕೆ ಮುಂಚಿನ ಪೂಜೆಗೆ ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈಗೆ ತೆಗೆದುಕೊಂಡರು. ಇವನೊಬ್ಬ ಅಂಗಿಯ ಗುಂಡಿಯನ್ನು ಕುತ್ತಿಗೆವರೆಗೂ ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದ.

"ಬಾವ, ಈಗ ಎಲ್ಲೈತೆ ಕರಡಿಗೆ?"

ಅವನ ಕೈ ಎದೆಗೆ ಹೋಯಿತು. ತಡಕಿತು. ಅಲ್ಲೇ ನಿಂತಿತು. ಗಡಿಬಿಡಿಯಲ್ಲಿ ಮರೆತು ಬಂದಿದ್ದಾನೆ ಅಂತ ಅತ್ತೆ ಬಾಯಿ ಹಾಕಿದಳು.

"ಮರೆತಿದ್ದು ಇವತ್ತಲ್ಲ ಕಣತ್ತೆ. ಗೂಟದಿಂದ ಇಳಿಸೋಕೆ ಪುರುಸೊತ್ತೇ ಸಿಕ್ಕಿಲ್ಲ."

ಮೈಮೇಲೆ ಲಿಂಗವಿಲ್ಲದವರಿಗೆ ನಮ್ಮ ಮನೆಯಲ್ಲಿ ಊಟವಿಲ್ಲ. ಬಡಿಸಿದ್ದ ಎಲೆಯನ್ನು ಪಾಯಸ ಸಮೇತ ಅವನ ಮುಂದಿನಿಂದ ಎತ್ತಿದೆ. ಬೆಳ್ಳಗಾದ ಅವನ ಮುಖ ನೋಡಿ ಒಂಚೂರೂ ಅಯ್ಯೋ ಅನ್ನಿಸಲಿಲ್ಲ. ಎಲೆಯನ್ನು ಹಸುವಿನ ಮುಂದೆ ಎಸೆದು ಬಂದೆ.

ಬಂದವರ ಎಲೆ ಎತ್ತಿದವಳಿಗೆ ಎಂದೂ ಸಿಟ್ಟಾಗದ ಅಪ್ಪನಿಂದಲೂ ಇವತ್ತು ಏಟು ಖಂಡಿತ ಅಂದುಕೊಂಡೇ ನಿಂತಿದ್ದೆ. ಅಪ್ಪ ಎದ್ದ. ಯಾರ ಮುಖವನ್ನೂ ನೋಡದೆ ವೀಳ್ಯದ ತಟ್ಟೆ ಎತ್ತಿಕೊಂಡು ಒಳಗೆ ಹೋದ.